ಬಚ್ಚಲ ನೀರಿನ ಸೌತೆಬಳ್ಳಿ

ಮೊನ್ನೆ ನಮ್ಮ ಮನೆಗೆ ಬಂದಿದ್ದ ದೂರದ ನೆಂಟರೊಬ್ಬರು ಊಟಕ್ಕೆ ಮೊದಲು ಕೈಕಾಲು ತೊಳೆಯಲು ನೀರು ಕೇಳಿದರು. ತಂಬಿಗೆ ತುಂಬಿ ಕೊಟ್ಟೆ. ಅಂಗಳದ ಅಂಚಿಗೆ ಹೋಗಿ ನಿಂತು ಪಾದಕ್ಕೆ ಹೊಯ್ದುಕೊಂಡರು, ಬಾಯಿ ಮುಕ್ಕಳಿಸಿದರು, ಮಿಕ್ಕ ಅರ್ಧ ತಂಬಿಗೆಯನ್ನು ಬೀದಿಯ ಧೂಳಿಗೆ ಬೀಸಿ ಚೆಲ್ಲಿದರು. "ಅಯ್ಯಯ್ಯ!" ಎಂದುಬಿಟ್ಟೆ ನಾನು. ಅವರು ಚೇಳು ಕಂಡವರ ಹಾಗೆ ಒಂದು ಹೆಜ್ಜೆ ಹಿಂದೆ ಹಾರಿ, "ಏನಾತ್ರಿ ಅಕ್ಕಾರ?" ಎಂದರು. ಏನೆಂದು ಹೇಳುವುದು? ಬಿದ್ದ ನೀರು ಆಗಲೇ ಇಂಗಿ ಹೋಗಿತ್ತು. "ಏನಿಲ್ಲರಿ, ಊಟಕ್ಕ ಬರ್ರಿ" ಎಂದು ಒಳಗೆ ನಡೆದೆ.

ಓದುವವರು ನಗಬೇಡಿ. ಇದು ಜಿಪುಣತನವಲ್ಲ, ಚಟ. ಮರಾಠಿ ಗಡಿಯ ಬಿಳೂರಿನ ನಮ್ಮ ಮನೆಯಲ್ಲಿ ನೀರಿಗೆ ಎರಡು ಜನ್ಮ. ಮೊದಲನೆಯದರಲ್ಲಿ ಅದು ಮನುಷ್ಯರಿಗೆ, ಎರಡನೆಯದರಲ್ಲಿ ಹಿತ್ತಲಿಗೆ. ಅಕ್ಕಿ ತೊಳೆದದ್ದು, ಪಾತ್ರೆ ಬೆಳಗಿದ್ದು, ಮಿಂದದ್ದು, ಮುಖ ತೊಳೆದದ್ದು ಎಲ್ಲವೂ ಹಿಂದಿನ ಬಾಗಿಲು ದಾಟಿ ಯಾವುದಾದರೊಂದು ಗಿಡದ ಬುಡಕ್ಕೆ ಹೋಗಿ ನಿಲ್ಲಬೇಕು. ಈ ಕಾನೂನು ನನ್ನದಲ್ಲ, ನಮ್ಮ ಅತ್ತೆ ಮಾಳವ್ವನದು. ಅತ್ತೆ ಹೋಗಿ ಇದು ಮೂರನೆಯ ಬೇಸಿಗೆ. ಕಾನೂನು ಮಾತ್ರ ಇನ್ನೂ ನನ್ನ ಕೈಯಲ್ಲೇ ಉಳಿದಿದೆ. ಹೊರಗೆ ಎಲ್ಲಾದರೂ ಕೈ ತೊಳೆದರೂ, ನೀರು ಎಲ್ಲಿಗೆ ಹೋಯಿತೆಂದು ಬಗ್ಗಿ ನೋಡುತ್ತೇನೆ.

ನಾನು ಸೊರಡಿಯವಳು. ಕನ್ನಡ ಸಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿ, ಅರವತ್ತರ ದಶಕದ ಮೊದಲಲ್ಲಿ ಈ ಮನೆಗೆ ಸೊಸೆಯಾಗಿ ಬಂದೆ. ಕುರಿ ಸಾಕುವ ಮನೆತನ. ನಮ್ಮವರು ಸುಗ್ಗಿ ಮುಗಿದ ಕೂಡಲೇ ಕುರಿ ಹೊಡೆದುಕೊಂಡು ಕೃಷ್ಣೆಯ ದಂಡೆಯ ಕಡೆ ಹೊರಟರೆ, ಮುಂಗಾರಿನ ಮಿರಗದ ಮಳೆಗೇ ತಿರುಗಿ ಬರುವುದು. ಅಲ್ಲಿಯವರೆಗೆ ಮನೆಯಲ್ಲಿ ನಾವಿಬ್ಬರೇ, ಜೊತೆಗೆ ಅತ್ತೆ ಮುದ್ದಿನಿಂದ ಸಾಕಿದ ಒಂದು ಟಗರು. ಸಾಲೆ ಕಲಿತ ಹೆಣ್ಣು ಈ ಓಣಿಗೆ ನಾನೇ ಮೊದಲು. ಅದರ ಜಂಬ ನನಗೆ ಎಷ್ಟಿತ್ತೋ, ಅದರ ಚೇಷ್ಟೆ ಅತ್ತೆಗೆ ಅಷ್ಟೇ ಇತ್ತು. ಹೆಸರಿನಿಂದ ಕರೆದದ್ದು ಕಡಿಮೆ. "ಸಾಲಿ ಕಲ್ತಾಕಿ, ಬಾ ಇಲ್ಲಿ. ಈ ಬದನಿಗಿಡಕ್ಕ ಹುಳ ಬಿದ್ದೈತಿ. ನಿನ್ನ ಪುಸ್ತಕದಾಗ ಇದಕ್ಕೇನು ಬರದಾರ ಓದಿ ಹೇಳು" ಎನ್ನುತ್ತಿದ್ದಳು. ಪುಸ್ತಕದಲ್ಲಿ ಬದನೆಯ ಹುಳದ ವಿಷಯ ಇರಲಿಲ್ಲ. ಅವಳು ಬೂದಿ ಉಗ್ಗುತ್ತಿದ್ದಳು.

ಹಿತ್ತಲೆಂದರೆ ದೊಡ್ಡದೇನಲ್ಲ. ನಾಲ್ಕು ಹೊರಸು ಹಾಕಿದರೆ ತುಂಬಿ ಹೋಗುವಷ್ಟು ಜಾಗ, ಸುತ್ತ ಜಾಲಿಮುಳ್ಳಿನ ಬೇಲಿ. ಆದರೆ ವೈಶಾಖದಲ್ಲಿ, ಊರಿನ ಹೊಲಗಳೆಲ್ಲ ಬೋಳಾಗಿ ಬಿರಿದು ಮಲಗಿರುವಾಗ, ನಮ್ಮ ಹಿಂದಿನ ಬಾಗಿಲು ತೆರೆದರೆ ಕಣ್ಣಿಗೆ ಹಸಿರು ತಾಗುತ್ತಿತ್ತು. ಬಚ್ಚಲ ಕಾಲುವೆಯ ಎರಡೂ ಬದಿಗೆ ಪುಂಡಿ, ರಾಜಗಿರಿ ಸೊಪ್ಪು. ಆಚೆ ಆರು ಬದನೆ, ಒಂದು ಸಾಲು ಚವಳಿ, ಕಾಲುವೆ ಮುಗಿಯುವ ಕಡೆ ಸೌತೆಬಳ್ಳಿ. ಮೂಲೆಯಲ್ಲಿ ನನ್ನದೊಂದು ದುಂಡುಮಲ್ಲಿಗೆ. ಅದನ್ನು ತವರಿನಿಂದ ತಂದು ನಾನೇ ಊರಿದ್ದೆ. ಅತ್ತೆಗೆ ಅದರ ಮೇಲೆ ಮೊದಲಿನಿಂದಲೂ ಕಣ್ಣು.

"ಇದು ಏನ ಕೊಡತೈತಿ?"

"ಹೂವ ಕೊಡತೈತ್ರಿ ಅತ್ತಿ."

"ರೊಟ್ಟಿ ಜೋಡಿ ತಿನ್ನಾಕ ಬರತೈತೇನು?"

ಕೊನೆಗೆ ಒಂದು ಒಪ್ಪಂದವಾಯಿತು. ತಲೆ ತೊಳೆದ ನೀರಿನಲ್ಲಿ ಸೀಗೆಕಾಯಿ ಇರುತ್ತದೆ, ಅದು ಕಾಯಿಪಲ್ಯಕ್ಕೆ ಆಗದು. ಆ ನೀರಷ್ಟು ಮಲ್ಲಿಗೆಗೆ. ನಾನು ಕೂಡಲೇ ವಾರಕ್ಕೆ ಮೂರು ಸಲ ತಲೆ ತೊಳೆಯಲು ಶುರು ಮಾಡಿದೆ. ಒಂದು ತಿಂಗಳು ಸುಮ್ಮನಿದ್ದು ನೋಡಿದ ಅತ್ತೆ, ಒಂದು ದಿನ ಬಚ್ಚಲ ಬಾಗಿಲಲ್ಲಿ ನಿಂತು ಹೇಳಿದಳು: "ತೊಳಿ ತೊಳಿ. ಹೀಂಗ ತೊಳದರ ಮಳಿಗಾಲಕ್ಕ ಕೂದಲೆಲ್ಲಾ ಉದರತಾವ. ಆಮ್ಯಾಲ ಆ ಹೂವ ಎಲ್ಲಿ ಮುಡೀತಿ, ಟಗರಿನ ಕೋಡಿಗೇನು?"

ಮಲ್ಲಿಗೆ ಇರಲಿ. ಅತ್ತೆಯ ಪ್ರಾಣವಿದ್ದದ್ದು ಸೌತೆಬಳ್ಳಿಯಲ್ಲಿ. ಗಿಡ್ಡ ಕಾಯಿ, ಮೈಮೇಲೆ ಬಿಳಿ ಗೆರೆ, ಕೈಗೆ ತೆಗೆದುಕೊಂಡರೆ ಆ ಉರಿಯಲ್ಲೂ ತಣ್ಣಗೆ. ಬೇಸಿಗೆಯ ಸೌತೆ ಎಂದರೆ ನಿಮಗೆ ಗೊತ್ತು. ತುದಿ ಕೊಯ್ದು ತಿಕ್ಕಿ ತಿಕ್ಕಿ ನೊರೆ ಬರಿಸಿದರೂ ಬುಡದ ಕಹಿ ಹೋಗುವುದಿಲ್ಲ. ಅತ್ತೆಯ ಕಾಯಿಗೆ ತಿಕ್ಕುವ ಕೆಲಸವೇ ಇರಲಿಲ್ಲ. ಅದಕ್ಕೆ ಕಾರಣ ನೀರಲ್ಲ, ಅವಳ ನಾಲಿಗೆ. ಪ್ರತಿ ಬಳ್ಳಿಯ ಮೊದಲ ಕಾಯಿಯನ್ನು ಅವಳೇ ಕೊಯ್ದು, ತೊಟ್ಟಿನ ಕಡೆಯ ಚೂರನ್ನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. ತುಸು ಕಹಿ ಅನ್ನಿಸಿದರೂ ಆ ಬಳ್ಳಿಯನ್ನು ಬುಡಸಮೇತ ಕಿತ್ತು ಟಗರಿಗೆ ಹಾಕುವಳು. ಉಳಿದ ಬಳ್ಳಿಗಳಲ್ಲಿ ಒಂದೊಂದು ಕಾಯಿಯನ್ನು ಬೀಜಕ್ಕೆಂದು ಬಿಟ್ಟು, ಯಾರೂ ಕೊಯ್ಯದಿರಲೆಂದು ಹಳೆಯ ಸೀರೆಯ ಚಿಂದಿ ಕಟ್ಟುವಳು. ಅವಳ ಅತ್ತೆ ಹಾಗೆ ಮಾಡುತ್ತಿದ್ದಳಂತೆ, ಅವಳ ಅತ್ತೆಯೂ.

ಆ ಬೀಜವನ್ನು ಯಾರಿಗೂ ಸುಲಭಕ್ಕೆ ಕೊಡುತ್ತಿರಲಿಲ್ಲ. "ಬೀಜ ಕೊಡೂದಂದ್ರ ಹೆಣ್ಣ ಕೊಟ್ಟಂಗ. ಮನಿ ನೋಡಿ ಕೊಡಬೇಕು" ಎನ್ನುವಳು. ಕೇಳಲು ಬಂದವರನ್ನು ಕೂರಿಸಿ, ಹೆಣ್ಣಿನ ಅಪ್ಪನ ಗತ್ತಿನಲ್ಲಿ ವಿಚಾರಿಸುವಳು: ನಿಮ್ಮನ್ಯಾಗ ಮಂದಿ ಎಷ್ಟು, ಬಚ್ಚಲ ನೀರು ಎಲ್ಲಿಗಿ ಹೋಗತೈತಿ, ಕೋಳಿ ಅದಾವೇನು, ಬ್ಯಾರೆ ಸೌತಿಬಳ್ಳಿ ಮಗ್ಗಲಕ ಐತೇನು? ಬಂದವರು ಬೇಸತ್ತು ಎದ್ದು ಹೋಗುವರು. ನನಗೆ ತಿಳಿದ ಮಟ್ಟಿಗೆ ಆ ಪರೀಕ್ಷೆ ದಾಟಿದವರು ಇಬ್ಬರೇ. ಒಬ್ಬಳು ಸೊರಡಿಯ ನನ್ನ ತಾಯಿ. ಬೀಗತಿಗೆ ಇಲ್ಲವೆನ್ನಲಾಗದು. ಇನ್ನೊಬ್ಬಳು ಮುಚ್ಚಂಡಿಯ ಮಲಿಕಾಬಿ.

ಮಲಿಕಾಬಿ ಬಳೆ ಮಾರುವವಳು. ಗಂಡ ತೀರಿ, ಮಗಳು ಮದುವೆಯಾಗಿ ಹೋದ ಮೇಲೆ ಬಳೆಬುಟ್ಟಿ ಹೊತ್ತು ಊರೂರು ತಿರುಗುತ್ತಿದ್ದಳು. ನಮ್ಮ ಓಣಿಗೆ ಬಂದರೆ ಮೊದಲು ಇಳಿಸುವುದು ನಮ್ಮ ಕಟ್ಟೆಗೇ. ಅತ್ತೆ ವಿಧವೆ, ಬಳೆ ಇಡುವಂತಿಲ್ಲ. ಆದರೆ ನನ್ನ ಕೈಗೆ ಬಳೆ ಆರಿಸುವುದು ಅವಳೇ. "ಹಸರ ಬ್ಯಾಡ ಮಲಿಕವ್ವ, ಇಕಿ ಕರಿ ಕೈಗಿ ಕೆಂಪ ಇಡು." "ಕರಿ ಎಲ್ಲಿ ಐತಿ ಮಾಳಕ್ಕಾ, ಗೋಧಿ ಐತಿ." "ನಿನಗ ಮಾರೂದೈತಿ, ಅದಕ್ಕ ಗೋಧಿ ಅಂತಿ." ನನ್ನ ಕೈಯನ್ನು ಇಬ್ಬರೂ ಹೀಗೆ ಹಿಡಿದು ಜಗಳವಾಡುವಾಗ ನಾನು ಅಲ್ಲಿ ಇಲ್ಲವೇ ಇಲ್ಲ ಎಂಬಂತಿರುತ್ತಿತ್ತು. ಆಮೇಲೆ ಇಬ್ಬರೂ ಹಿತ್ತಲಿಗೆ ಹೋಗಿ ಸೌತೆಬಳ್ಳಿಯ ಬಳಿ ಕುಕ್ಕರಗಾಲಲ್ಲಿ ಕೂತು, ಗಂಟೆಗಟ್ಟಲೆ ಮಾತಾಡುವರು.

ಈಗ ನನ್ನ ತಪ್ಪಿನ ಕತೆ ಹೇಳಬೇಕು. ಒಂದು ಬೇಸಿಗೆ ಅಡ್ಡಮಳೆಯ ಗಾಳಿ ಎಂಥದು ಬೀಸಿತೆಂದರೆ, ಬೇಲಿಯ ಒಂದು ಮಗ್ಗಲು ಹಾರಿ ಹೋಯಿತು, ಬದನೆ ನೆಲಕ್ಕೆ ಮಲಗಿದವು, ಆಲಿಕಲ್ಲು ಬಿದ್ದು ಸೌತೆಬಳ್ಳಿ ಚಿಂದಿಯಾಯಿತು. ಒಂದೇ ಒಂದು ಬೀಜದ ಕಾಯಿ ಎಲೆಯಡಿ ಉಳಿದಿತ್ತು. ಮರುದಿನ ಮಲಿಕಾಬಿ ಬಂದಳು. ಅತ್ತೆ ಮನೆಯಲ್ಲಿರಲಿಲ್ಲ. ನೀರು ಕುಡಿದು, ಹಿತ್ತಲಲ್ಲಿ ತುಸು ಹೊತ್ತು ನಿಂತು, ಹೋದಳು. ಸಂಜೆ ನೋಡಿದರೆ ಕಾಯಿ ಇಲ್ಲ, ಕಟ್ಟಿದ ಚಿಂದಿಯೂ ಇಲ್ಲ.

ನಾನು ಬಾವಿಕಟ್ಟೆಗೆ ಹೋದೆ. ಹೆಂಗಸರು ಏಳೆಂಟು ಮಂದಿ ಇದ್ದರು. ಸಾಲೆ ಕಲಿತವಳು, ಮಾತು ಚಂದ ಜೋಡಿಸಬೇಕು ಎಂಬ ಹುಚ್ಚು ಬೇರೆ. "ನಮ್ಮ ಬೀಜದ ಕಾಯಿ ಬಳಿಬುಟ್ಯಾಗ ಕುಂತು ಮುಚ್ಚಂಡಿಗಿ ಹೋತ್ರೆವಾ" ಎಂದೆ. ಎಲ್ಲರೂ ನಕ್ಕರು. ನನಗೆ ಹಿಗ್ಗಾಯಿತು. ಆ ಹಿಗ್ಗು ಈಗಲೂ ನೆನಪಿದೆ, ಅದೇ ಹೆಚ್ಚು ಸುಡುತ್ತದೆ.

ಮೂರನೆಯ ದಿನ ಬೆಳಿಗ್ಗೆ ಟಗರು ಕೆಮ್ಮತೊಡಗಿತು. ಅತ್ತೆ ಅದರ ಬಾಯಿ ಬಿಡಿಸಿ ಬೆರಳು ಹಾಕಿ ಎಳೆದರೆ, ಗಂಟಲಿನಿಂದ ಗೇಣುದ್ದ ಸೀರೆಯ ಚಿಂದಿ ಬಂತು. ಮುರಿದ ಬೇಲಿಯಲ್ಲಿ ನುಗ್ಗಿ ಕಾಯಿಯನ್ನು ಗಂಟಿನ ಸಮೇತ ತಿಂದಿತ್ತು. ಅತ್ತೆಗೆ ಬಾವಿಕಟ್ಟೆಯ ಮಾತು ಆಗಲೇ ಮುಟ್ಟಿತ್ತು. ಚಿಂದಿಯನ್ನು ನನ್ನ ಮುಂದೆ ಹಿಡಿದಳು.

"ಕಳ್ಳ ಸಿಕ್ಕ. ನಾಳಿ ಬಸ್ಸಿಗಿ ಹೋಗಿ ಮಲಿಕವ್ವಗ ಹೇಳಿ ಬಾ."

"ನೀವ ಹೇಳ್ರಿ ಅತ್ತಿ. ನಿಮ್ಮ ಗೆಳತಿ ಅದಾಳ."

"ತಪ್ಪ ಮಾಡಿದ್ದು ನಿನ್ನ ಬಾಯಿ. ನನ್ನ ಬಾಯಿ ಯಾಕ ಹೋಗಬೇಕು?"

ನಾಳೆ ಹೋಗುತ್ತೇನೆಂದೆ. ನಾಳೆ ಬಸ್ಸು ತಪ್ಪಿತು, ಆಚೆ ನಾಳೆ ತಲೆನೋವು, ಅದರಾಚೆ ಬಿತ್ತಿಗೆ. ಮಲಿಕಾಬಿ ಅದಾದ ಮೇಲೆ ಊರಿಗೆ ಬಂದಳು, ನಮ್ಮ ಓಣಿಗೆ ಬರಲಿಲ್ಲ. ತಿರುವಿನಲ್ಲಿ ಅವಳ ಬುಟ್ಟಿ ಮಾತ್ರ ಗೋಡೆಯ ಮೇಲೆ ಸರಿದು ಹೋದದ್ದು ಒಮ್ಮೆ ಕಂಡಿತು. ಅತ್ತೆ ಇನ್ನೆರಡು ಸಲ ಹೇಳಿದಳು. ಆಮೇಲೆ ಬಿಟ್ಟಳು. ಬೀಜಕ್ಕೆ ಆ ವರ್ಷ ಹಿಂದಿನ ಸಾಲಿನದೇ ಉಳಿದಿತ್ತು, ನಡೆಯಿತು. ಅತ್ತೆ ಕಟ್ಟೆಯ ಮೇಲೆ ಕೂರುವುದು ಕಡಿಮೆಯಾಯಿತು ಎಂಬುದನ್ನು ನಾನು ನೋಡಿಯೂ ನೋಡಲಿಲ್ಲ.

ಮುಂದಿನ ಚಳಿಗಾಲ, ಸಂಕ್ರಾಂತಿ ಕಳೆದ ವಾರ, ಅತ್ತೆ ನಾಲ್ಕು ದಿನದ ಜ್ವರಕ್ಕೆ ಹೋಗಿಬಿಟ್ಟಳು. ಅದರ ಬಗ್ಗೆ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಆದರೆ ಸೂತಕ ಕಳೆದ ದಿನದ್ದನ್ನು ಬರೆಯಲೇಬೇಕು. ಅಂದು ಮನೆಯೆಲ್ಲ ಸಾರಿಸಿ ಸುಣ್ಣ ಬಳಿಯುವುದು ರೂಢಿ. ನಮ್ಮ ನಾದಿನಿ, ಅಂದರೆ ಅತ್ತೆಯ ಮಗಳು, ನೆರೆಯವರನ್ನು ಕೂಡಿಸಿಕೊಂಡು ಕೆಲಸಕ್ಕೆ ನಿಂತಳು. ಅತ್ತೆ ಬೀಜಗಳನ್ನು ಬೂದಿ ಸೆಗಣಿಯಲ್ಲಿ ಕಲಸಿ, ಕೈಯಗಲದ ಬಿಲ್ಲೆ ತಟ್ಟಿ, ಒಲೆಯ ಹಿಂದಿನ ಗೋಡೆಗೆ ಅಂಟಿಸುತ್ತಿದ್ದಳು. ಹೊಗೆ ತಾಗಿ ಹುಳ ಮುಟ್ಟುವುದಿಲ್ಲ. ಒಂಬತ್ತು ಬಿಲ್ಲೆಗಳು ಆ ಗೋಡೆಯ ಮೇಲಿದ್ದವು. ಸಾಲೆಯಲ್ಲಿ ಸ್ವಚ್ಛತೆಯ ಪಾಠ ಓದಿದ ನನಗೆ ಅಡುಗೆಮನೆಯ ಗೋಡೆಯಲ್ಲಿ ಸೆಗಣಿ ಎಂದರೆ ಮೊದಲಿನಿಂದಲೂ ಹೇಸಿಗೆ. ನಾದಿನಿ ಕುಡುಗೋಲು ಹಿಡಿದು ಕೇಳಿದಳು, "ವೈನಿ, ಇವನ್ನೂ ಕೆರೀಲೇನು?"

"ಕೆರಿ" ಎಂದೆ.

ಅದರಲ್ಲಿ ಬೀಜ ಇರುವುದು ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳು. ಹೇಸಿಗೆಯಿಂದ ಹೇಳಿದೆ ಎಂದರೂ ಸುಳ್ಳು. ಪ್ರತಿ ಬಿಲ್ಲೆಯ ಮೇಲೂ ಅತ್ತೆಯ ನಾಲ್ಕು ಬೆರಳು ಮೂಡಿದ್ದವು. ಹತ್ತು ದಿನದಿಂದ ಒಲೆ ಹೊತ್ತಿಸಿದಾಗಲೆಲ್ಲ ಅವು ನನ್ನ ಮುಖಕ್ಕೆ ನೇರ ಕಾಣುತ್ತಿದ್ದವು. ನೋಡಲಾಗಲಿಲ್ಲ. ಅಷ್ಟೇ. ಮಧ್ಯಾಹ್ನದ ಹೊತ್ತಿಗೆ ಗೋಡೆ ಬಿಳಿಯಾಯಿತು. ಕೆರೆದದ್ದನ್ನು ತಿಪ್ಪೆಗೆ ಹಾಕಿ, ತಿಪ್ಪೆಯನ್ನು ಅದೇ ವಾರ ಹೊಲಕ್ಕೆ ಹೇರಿ ಮುಗಿದಿತ್ತು.

ಶಿವರಾತ್ರಿ ಬಂತು. ಬೇಸಿಗೆ ಸೌತೆ ಊರುವ ಹೊತ್ತು. ಆಗ ನಾನು ಬಿಳಿ ಗೋಡೆಯ ಮುಂದೆ ನಿಂತೆ.

ತಪ್ಪು ತಿದ್ದಲು ಸುಲಭದ ದಾರಿ ಹಿಡಿದೆ. ಸೊರಡಿಗೆ ಹೋಗಿ ತಾಯಿಯಿಂದ ಬೀಜ ತಂದೆ. "ನಿಮ್ಮತ್ತೀದ ಐತಿ, ತಗೋ" ಎಂದು ತಾಯಿ ಚಹಾ ಡಬ್ಬಿಯಿಂದ ಬೊಗಸೆ ತುಂಬ ಕೊಟ್ಟಳು. ಊರಿದೆ. ಮಿಂದ ನೀರು, ಮುಸುರೆ ನೀರು ತಪ್ಪದೆ ಹಾಕಿದೆ. ಒಬ್ಬಳೇ ಇದ್ದ ಮನೆಯಲ್ಲಿ ನೀರಿನ ಎರಡನೆಯ ಜನ್ಮವೂ ಸಣ್ಣದೇ. ಬದನೆ ಆರರಲ್ಲಿ ನಾಲ್ಕು ಒಣಗಿದವು. ಚವಳಿ ಮಾತ್ರ ಯಾರ ಹಂಗೂ ಇಲ್ಲದೆ ಬಂತು. ಪುಂಡಿಪಲ್ಯ ತಿಂದು ತಿಂದು ನಾಲಿಗೆ ಹುಳಿಯಾಯಿತು. ಮಲ್ಲಿಗೆಯಂತೂ ನಾಚಿಕೆಯಿಲ್ಲದೆ ಅರಳಿತು. ವರ್ಷದ ಮಟ್ಟಿಗೆ ಹೂವು ಮುಡಿಯುವಂತಿರಲಿಲ್ಲ. ಬೆಳಿಗ್ಗೆ ಸೆರಗು ತುಂಬ ಬಿಡಿಸಿ ದೇವರ ಮಾಡದಲ್ಲಿ ಸುರಿದು ಬರುತ್ತಿದ್ದೆ.

ಸೌತೆ ಹೂಬಿಟ್ಟು ಕಾಯಿ ಹಿಡಿಯಿತು. ಮೊದಲ ಕಾಯಿ ಕೊಯ್ದು, ಅತ್ತೆಯ ಹಾಗೇ ತೊಟ್ಟಿನ ಚೂರು ಬಾಯಿಗೆ ಹಾಕಿ ಕಣ್ಣು ಮುಚ್ಚಿದೆ. ಕಹಿ. ಎರಡನೆಯ ಬಳ್ಳಿ, ಕಹಿ. ಐದೂ ಬಳ್ಳಿ ಬೇವಿನ ಎಲೆಯ ಕಹಿ. ತಾಯಿ ತಿಪ್ಪೆಯ ಮಗ್ಗಲಿನ ಕಾಡುಸೌತೆಯ ಜೊತೆಗೆ ಬಳ್ಳಿ ಬೆಳೆಸಿ, ರುಚಿ ನೋಡದೆ ಬೀಜ ಹಿಡಿದಿದ್ದಳು. ಐದೂ ಬಳ್ಳಿಯನ್ನು ಕಿತ್ತು ಟಗರಿನ ಮುಂದೆ ಹಾಕಿದೆ. ಅದೂ ಮೂಸಿ ಮುಖ ತಿರುವಿತು.

ಆ ಮಧ್ಯಾಹ್ನ ಖಾಲಿ ಕಾಲುವೆಯ ತುದಿಯಲ್ಲಿ ಕೂತು ಒಂದಷ್ಟು ಹೊತ್ತು ಕಣ್ಣೀರು ಹಾಕಿದೆ. ಆಮೇಲೆ ಎದ್ದು ಮುಖ ತೊಳೆದೆ. ಎಷ್ಟೋ ಸೊಸೆಯಂದಿರ ಕೈ ದಾಟಿ ಬಂದದ್ದು ನನ್ನ ಒಂದು "ಕೆರಿ"ಗೆ ಮುಗಿಯಬಾರದು. ಇನ್ನು ಆ ಬೀಜ ಉಳಿದಿದ್ದರೆ ಮುಚ್ಚಂಡಿಯಲ್ಲಿ. ಬೀಜ ಬೇಕೆಂದರೆ ಬಾಯಿ ಹೋಗಲೇಬೇಕು.

ಮರುದಿನ ಮೊದಲ ಬಸ್ಸಿಗೆ ಜತ್ತಕ್ಕೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸಿಗೆ ಮುಚ್ಚಂಡಿ ಸೇರಿದೆ. ಮಲಿಕಾಬಿ ಬಾಗಿಲಲ್ಲೇ ಕೂತು ಬಳೆಗಳನ್ನು ದಾರಕ್ಕೆ ಪೋಣಿಸುತ್ತಿದ್ದಳು. ತಲೆ ಎತ್ತಿದಳು.

"ಯಾರವಾ?"

"ನಾನ್ರಿ ಬೂಬಮ್ಮಾ. ಬಿಳೂರ ಮಾಳವ್ವನ ಸೊಸಿ."

"ಸಾಲಿ ಕಲ್ತಾಕಿ?" ಎಂದು, ಮಗ್ಗಲಲ್ಲಿದ್ದ ಬುಟ್ಟಿಯನ್ನು ನನ್ನ ಕಡೆ ತಳ್ಳಿದಳು. "ಕುಂದ್ರು. ಬುಟ್ಟಿ ನೋಡಕೊ ಮದಲ. ಸೌತಿಕಾಯಿ ಇದ್ದೀತು."

ಬಿಸಿಲಲ್ಲಿ ನಡೆದು ಬಂದ ಮುಖ ಇನ್ನೂ ಕಾಯಿತು. "ಟಗರು ತಿಂದಿತ್ರಿ" ಎಂದೆ.

"ಯಾವಾಗ ಗೊತ್ತಾತು?"

"ಮೂರನೇ ದಿನ."

"ಇವತ್ತ ಎಷ್ಟನೇ ದಿನ?"

ನಾನು ಬಾಯಿ ತೆರೆಯುವವರೆಗೆ ಅವಳು ಕಾಯಲಿಲ್ಲ. ಬಳೆ ಪೋಣಿಸುತ್ತ ಹೇಳಿದಳು, "ಮಾಳಕ್ಕ ಹೋದ್ಲಂತ ಸಂತ್ಯಾಗ ಕೇಳಿದ್ನಿ. ಅವತ್ತ ಬಸ್ ಹತ್ತಿ ಬಿಳೂರಿಗಿ ಬಂದ್ನಿ. ನಿಮ್ಮ ಓಣಿ ತಿರವಿನ ತನಾ ಬಂದ್ನಿ ಬೇಟಿ. ಮಂದಿ ಎಲ್ಲಾ ನೆರದಿದ್ರು. ಬುಟ್ಟಿ ಹೊತ್ತ ಕಳ್ಳಿ ಬಂದಾಳ ಅಂದ್ರ ಅಂತ, ಹೊಳ್ಳಿ ಹೋದ್ನಿ. ಅಕಿ ಮಾರಿ ನೋಡಲಿಲ್ಲ ನಾ."

ಇಷ್ಟು ದಿನ ನನ್ನ ತಪ್ಪು ಒಂದು ಮಾತಷ್ಟೇ ಎಂದುಕೊಂಡಿದ್ದೆ. ನಾನು ಕದ್ದದ್ದು ಗೆಳತಿಯ ಮುಖ ನೋಡುವ ಕೊನೆಯ ಗಳಿಗೆ. ಅವಳ ಕಾಲು ಹಿಡಿದೆ. "ಬಿಡು, ಬಳಿ ಒಡೀತಾವ" ಎಂದಳು. ಕ್ಷಮಿಸಿದೆ ಎನ್ನಲಿಲ್ಲ. ಎದ್ದು ಹೋಗಿ ತಂಬಿಗೆಯಲ್ಲಿ ನೀರು ತಂದು ಕೊಟ್ಟಳು.

ಕುಡಿದು ತಂಬಿಗೆ ಕೆಳಗಿಟ್ಟೆ. ಅವಳೇ ಕೇಳಿದಳು, "ಬರೇ ಇದನ್ನ ಹೇಳಾಕ ಬರಾಕಿ ಅಲ್ಲ ನೀ. ಏನ ಬೇಕಾಗಿತ್ತು?" ಗೋಡೆ ಕೆರೆಸಿದ್ದನ್ನೂ, ಐದು ಬಳ್ಳಿಯ ಕಹಿಯನ್ನೂ ಹೇಳಿದೆ. ಅವಳು ಬಳೆಯ ದಾರಕ್ಕೆ ಗಂಟು ಹಾಕಿ ಪಕ್ಕಕ್ಕಿಟ್ಟಳು. ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಳು.

"ನಿಮ್ಮನ್ಯಾಗ ಮಂದಿ ಎಷ್ಟು?"

"ಈಗ ನಾ ಒಬ್ಬಾಕೀನ್ರಿ. ಮಿರಗಕ್ಕ ಅವರು ಬರ್ತಾರ."

"ಬಚ್ಚಲ ನೀರು ಎಲ್ಲಿಗಿ ಹೋಗತೈತಿ?"

"ಹಿತ್ತಲಕ್ಕ ಹೋಗತೈತ್ರಿ."

"ಟಗರ?"

"ಕಟ್ಟಿ ಹಾಕೀನ್ರಿ."

ನಗಬಾರದೆಂದು ತುಟಿ ಬಿಗಿ ಹಿಡಿದಿದ್ದಳು. ಹಿಂದಕ್ಕೆ ಕರೆದೊಯ್ದು ತೋರಿಸಿದಳು. ಹಾಳು ಗೋಡೆಯ ನೆರಳಲ್ಲಿ ಒಂದೇ ಬಳ್ಳಿ, ಅರ್ಧ ಎಲೆ ಸುಟ್ಟಿತ್ತು. ಅದರಲ್ಲಿ ಒಂದು ಕಾಯಿ, ಇನ್ನೂ ಹಸಿರು. ಮದುವೆಯ ದಿನಗಳು, ಬಳೆಯವಳಿಗೆ ಅದೇ ಸುಗ್ಗಿ. ಹೋದರೆ ಎರಡು ಮೂರು ದಿನ ಮನೆಗೆ ಬರುತ್ತಿರಲಿಲ್ಲ. ನೀರಿಲ್ಲದೆ ಹಳೆಯ ಬಳ್ಳಿಗಳೆಲ್ಲ ಹೋಗಿ ಇದೊಂದು ಉಳಿದಿತ್ತು. ಡಬ್ಬಿಯಲ್ಲಿದ್ದ ಬೀಜವನ್ನೆಲ್ಲ ಊರಿ ಆಗಿತ್ತು.

"ಇದು ಹಣ್ಣಾಗಾಕ ಇನ್ನ ತಿಂಗಳ ಬೇಕು. ನನ್ನ ಕೈಲಿ ಉಳಿಯೂದಿಲ್ಲ. ಬೇಕಂದ್ರ ನೀ ಬಂದು ನೀರ ಹಾಕು."

"ಬರ್ತೀನ್ರಿ."

"ನಾಳಿ ಅಂತಿ."

"ನಾಡದ ಮುಂಜಾನಿ ಮದಲನೇ ಬಸ್ಸಿಗಿ ಬರ್ತೀನ್ರಿ" ಎಂದೆ. ಬಂದೆ.

ಆ ತಿಂಗಳು ನಾನು ಮಾಡಿದ ಪ್ರಯಾಣವನ್ನು ನೆನೆದರೆ ನನಗೇ ನಗು ಬರುತ್ತದೆ. ದಿನ ಬಿಟ್ಟು ದಿನ ಎರಡು ಬಸ್ಸು ಹತ್ತಿ, ಇನ್ನೊಬ್ಬರ ಊರಿಗೆ ಹೋಗಿ, ಅಲ್ಲಿಯ ಬಾವಿಯಿಂದ ಎರಡು ಕೊಡ ಸೇದಿ, ಒಂದು ಸೌತೆಬಳ್ಳಿಗೆ ಹಾಕಿ ತಿರುಗಿ ಬರುವುದು. ಬಸ್ಸಿನ ಕಂಡಕ್ಟರನಿಗೆ ಗುಟ್ಟು ಹೇಗೋ ಗೊತ್ತಾಗಿ, ಮರಾಠಿಯಲ್ಲಿ "ಕಾಕಡಿವಾಲಿ ಬಾಯಿ", ಅಂದರೆ ಸೌತೆಕಾಯಿಯವಳು, ಎಂದು ಹೆಸರಿಟ್ಟ. ನೆರೆಯವರು "ಅತ್ತಿ ಹೋದ ಮ್ಯಾಲ ಇಕಿ ತಲಿ ಸರಿ ಇಲ್ಲ" ಎಂದರು. ಇರಬಹುದು. ಆದರೆ ದುಃಖಕ್ಕೆ ಎರಡು ಕೊಡ ಹೊರುವ ಕೆಲಸ ಕೊಟ್ಟರೆ ಅದು ನೆಟ್ಟಗೆ ನಡೆಯುತ್ತದೆ. ಸುಮ್ಮನೆ ಕೂರಿಸಿದರೆ ಅದೇ ನಮ್ಮಿಂದ ತನ್ನನ್ನು ಹೊರಿಸಿಕೊಳ್ಳುತ್ತದೆ.

ಬರಿಗೈಲಿ ಹೋಗಬಾರದೆಂದು ಮಲ್ಲಿಗೆ ಮೊಗ್ಗನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಒಯ್ಯುತ್ತಿದ್ದೆ. ಮಲಿಕಾಬಿ ಅದನ್ನು ಬಳೆಬುಟ್ಟಿಯ ಮೇಲಿಟ್ಟು ಮದುವೆಮನೆಗಳಿಗೆ ನಡೆಯುವಳು. ಬಳೆ ಇಡಿಸಿಕೊಂಡ ಮದುಮಗಳ ಜಡೆಗೆ ಒಂದು ಹಿಡಿ ಹೂವು ಪುಕ್ಕಟೆ. ಹೀಗೆ ಆ ಬೇಸಿಗೆ ನನ್ನ ಮಲ್ಲಿಗೆ ಸುತ್ತಲಿನ ಎಷ್ಟೋ ಹೆಣ್ಣುಮಕ್ಕಳ ತಲೆಯಲ್ಲಿ ಹೋಯಿತು. "ನಿನ್ನ ಹೂವಿನ ದೆಸಿಯಿಂದ ನನ್ನ ಬಳಿ ಖರ್ಚಾಗಾಕ ಹತ್ಯಾವ" ಎಂದಳು ಒಮ್ಮೆ. ಅವಳು ನನ್ನೊಡನೆ ಹಗುರಾಗಿ ಆಡಿದ ಮೊದಲ ಮಾತು ಅದು.

ಮೂರನೆಯ ವಾರ ಕಾಯಿಯ ಬಣ್ಣ ತಿರುಗಿತು. ಹಳದಿ, ಆಮೇಲೆ ಇಟ್ಟಿಗೆಯ ಬಣ್ಣ. ನಾಲ್ಕನೆಯ ವಾರ ಹೋದಾಗ ಅದರ ಹೊಟ್ಟೆಯ ಮೇಲೆ ಸೂಜಿಮೊನೆಯಷ್ಟು ತೂತು ಕಂಡಿತು. ಒತ್ತಿ ನೋಡಿದೆ. ಮೆತ್ತಗಿತ್ತು. ಕಾಯಿನೊಣ ಕಡಿದಿತ್ತು. ಮಲಿಕಾಬಿ ಅಂದು ಮನೆಯಲ್ಲಿದ್ದಳು.

"ಇನ್ನ ಕಾಯೂದು ಬ್ಯಾಡ. ಹರಿ" ಎಂದಳು.

ಕಟ್ಟೆಯ ಮೇಲೆ ಕೂತು ಅವಳೇ ಕೊಯ್ದಳು. ಒಂದು ಮಗ್ಗಲು ಪೂರ್ತಿ ಕೊಳೆತು, ಬಿಳಿಯ ಹುಳಗಳು ಮಿಸುಕುತ್ತಿದ್ದವು. ಬೀಜವನ್ನೆಲ್ಲ ಬೆರಳಿಂದ ಬಿಡಿಸಿ, ತಂಬಿಗೆ ನೀರಿಗೆ ಹಾಕಿದಳು. ಜೊಳ್ಳು ತೇಲುತ್ತದೆ, ಗಟ್ಟಿ ಮುಳುಗುತ್ತದೆ. ಎಲ್ಲವೂ ತೇಲಿದಂತೆ ಕಂಡಿತು. ನೀರಿನ ಮೇಲೆ ಬಿಳಿಯ ಕೆನೆಯ ಹಾಗೆ. ಅವಳು ಅಂಗೈಯಿಂದ ತೇಲಿದ್ದನ್ನು ಸರಿಸಿ ಸರಿಸಿ ತೆಗೆದಳು. ಆಮೇಲೆ ನಾವಿಬ್ಬರೂ ಒಟ್ಟಿಗೆ ತಂಬಿಗೆಯ ಬಾಯಿಗೆ ತಲೆ ಬಗ್ಗಿಸಿದೆವು, ತಲೆಗೆ ತಲೆ ತಾಗಿತು. ತಳದಲ್ಲಿ ಕೆಲವು ಇದ್ದವು.

ಹೊರಗೆ ತೆಗೆದು ಕಲ್ಲಿನ ಮೇಲೆ ಹರಡಿದಳು. ಹನ್ನೊಂದು.

"ಐದು ನಿನಗ, ಐದು ನನಗ" ಎಂದು ಎರಡು ಪಾಲು ಮಾಡಿದಳು. ಒಂದು ಮಿಕ್ಕಿತು. ಅದನ್ನು ನನ್ನ ಕಡೆ ಸರಿಸಿದಳು. ನಾನು ಅವಳ ಕಡೆ ಸರಿಸಿದೆ.

"ತಗೋ. ನೀರ ಹೊತ್ತಾಕಿ ನೀ."

"ಬಳ್ಳಿ ನಿಮ್ಮದರಿ. ನೀವ ಇಟಗೋರಿ."

"ಏ ಹುಚ್ಚಿ, ಬೀಜ ನಿಮ್ಮ ಮನೀದು."

"ನಾ ಮನ್ಯಾಗಿಂದ ಹೊರಗ ಹಾಕಿದ್ದರಿ."

ಆ ಬೀಜ ನಾಲ್ಕೈದು ಸಲ ಆಚೆ ಈಚೆ ಓಡಾಡಿತು. ಮಲಿಕಾಬಿ ಅದನ್ನು ಬೆರಳಿನಿಂದ ಒತ್ತಿ ಹಿಡಿದು ನಿಲ್ಲಿಸಿದಳು. "ಮಾಳಕ್ಕ ಇದ್ದಿದ್ರ ಏನ ಮಾಡ್ತಿದ್ಲು ಗೊತ್ತೇನು? ಇಬ್ಬರಿಗೂ ಬೈದು ಹನ್ನೊಂದೂ ತಾನ ಇಟಗೊಂತಿದ್ಲು" ಎಂದಳು. ನಾನು ನಕ್ಕೆ. ನಗುತ್ತಿದ್ದಂತೆ ಅದು ಅಳುವಾಯಿತು. ಅವಳು ತನ್ನ ಸೆರಗಿನಿಂದ ನನ್ನ ಮುಖವನ್ನು ಒರಟಾಗಿ ಒರೆಸಿದಳು.

"ಹಂಗಾದ್ರ ಇದು ಅಕೀದು. ಅಕಿಗೇ ಇರಲಿ" ಎಂದು ಎದ್ದು ಹೋಗಿ, ಹಳೆಯ ಬಳ್ಳಿ ಇದ್ದ ಜಾಗದಲ್ಲಿಯೇ ಬೆರಳಿನಿಂದ ಕುಳಿ ಮಾಡಿ, ಆ ಹನ್ನೊಂದನೆಯದನ್ನು ಊರಿ ಮಣ್ಣು ಎಳೆದಳು. ಕೈ ಝಾಡಿಸಿಕೊಂಡು ನನ್ನ ಕಡೆ ತಿರುಗಿದಳು. "ನಾಳಿ ನನಗ ಮದುವಿಮನಿ ಐತಿ. ಇದನ್ನ ಯಾರ ನೋಡಕೋಬೇಕು?"

ನನ್ನ ಐದು ಬೀಜ ಆಗಲೇ ಉಡಿಯಲ್ಲಿದ್ದವು. ಇನ್ನು ಮುಚ್ಚಂಡಿಗೆ ಬರುವ ಕೆಲಸ ನನಗೇನೂ ಉಳಿದಿರಲಿಲ್ಲ.

"ಮದಲನೇ ಬಸ್ಸಿಗಿ ಬರ್ತೀನ್ರಿ" ಎಂದು ಹೇಳಿ, ಕೊಡ ಎತ್ತಿಕೊಂಡು ಬಾವಿಯ ಕಡೆ ನಡೆದೆ.